ವ್ಯಾನಿನ ಕರೆಂಟು ಕದ್ದವರು ಯಾರು?

ಸೋಮವಾರದ ತೊಂದರೆ

ಕೋಲಾರದ ಕಡೆ ಒಂದು ಹಳ್ಳಿ ನಮ್ಮದು. ನಾವು 14 ಮಂದಿ ಹೆಂಗಸರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೇವೆ. ಟೊಮೆಟೊ, ಹುರುಳಿಕಾಯಿ, ಕೊತ್ತಂಬರಿ ಸೊಪ್ಪು ಬೆಳೆಯುತ್ತೇವೆ. ಬೆಳೆದದ್ದನ್ನು ಪೇಟೆಗೆ ಸಾಗಿಸಲು ಸಂಘದಿಂದ ಒಂದು ಹಳೆಯ ವ್ಯಾನು ಕೊಂಡೆವು. ಅದರ ಮೇಲೆ ಬ್ಯಾಂಕಿನ ಸಾಲ ಇದೆ. ತಿಂಗಳು ತಿಂಗಳು ಕಂತು ಕಟ್ಟಬೇಕು. ವ್ಯಾನು ಓಡಿದರೆ ಕಂತು, ನಿಂತರೆ ಚಿಂತೆ.

ವ್ಯಾನು ಓಡಿಸಲು ಒಬ್ಬ ಹುಡುಗನಿದ್ದಾನೆ. ನಮ್ಮ ಊರಿನವನೇ. ಅವನಿಗೆ ತಂದೆ ಇಲ್ಲ. ತಾಯಿಯನ್ನೂ ತಂಗಿಯನ್ನೂ ಅವನೇ ನೋಡಿಕೊಳ್ಳಬೇಕು. ವಾರಕ್ಕೆ ಒಂದು ದಿನ, ಭಾನುವಾರ, ಅವನಿಗೂ ವ್ಯಾನಿಗೂ ರಜೆ.

ಒಂದು ಸೋಮವಾರ ಬೆಳಗಿನ ಜಾವ 5 ಗಂಟೆ. ಕ್ರೇಟುಗಳನ್ನೆಲ್ಲ ಏರಿಸಿದ್ದೆವು. ಹುಡುಗ ಕೀಲಿ ತಿರುಗಿಸಿದ. ಟಕ್ ಟಕ್ ಎಂದಿತು. ಮತ್ತೆ ತಿರುಗಿಸಿದ. ಮತ್ತೆ ಟಕ್ ಟಕ್. ಅಷ್ಟೇ. ಎಂಜಿನ್ ಎದ್ದೇಳಲಿಲ್ಲ.

"ಬ್ಯಾಟರಿ ಡೌನ್ ಆಗಿದೆ ಅಕ್ಕಾ. ಸ್ವಲ್ಪ ತಳ್ಳಬೇಕು" ಎಂದ.

ಸೆರಗು ಸಿಕ್ಕಿಸಿಕೊಂಡು ಎಲ್ಲರೂ ತಳ್ಳಿದೆವು. ಹೇಗೋ ಸ್ಟಾರ್ಟ್ ಆಯ್ತು. ಪೇಟೆಗೆ ಹೋಗುವ ಹೊತ್ತಿಗೆ ಬಿಸಿಲು ಏರಿತ್ತು. ಒಳ್ಳೆಯ ಬೆಲೆಯ ಹೊತ್ತು ಮುಗಿದಿತ್ತು. ಸೊಪ್ಪು ಬಾಡಿತ್ತು. ಕೇಳಿದ ಬೆಲೆಗೆ ಕೊಟ್ಟು ಬಂದೆವು.

ಮಂಗಳವಾರ ಏನೂ ತೊಂದರೆ ಇಲ್ಲ. ಬುಧವಾರವೂ ಇಲ್ಲ. ಶನಿವಾರದವರೆಗೂ ವ್ಯಾನು ಚೆನ್ನಾಗಿ ಓಡಿತು. ಮುಂದಿನ ಸೋಮವಾರ ಮತ್ತೆ ಟಕ್ ಟಕ್!

ಹೊಸ ಬ್ಯಾಟರಿ ತಂದೆವು

"ಬ್ಯಾಟರಿ ಹಳೇದಾಗಿದೆ. ಹೊಸದು ಹಾಕಿಸಿ" ಎಂದು ಯಾರೋ ಹೇಳಿದರು. ನಾವು ನಂಬಿದೆವು. 4,000 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತಂದೆವು. ಎರಡು ಸೋಮವಾರ ಚೆನ್ನಾಗಿತ್ತು. ಮೂರನೇ ಸೋಮವಾರ ಮತ್ತೆ ಅದೇ ಕತೆ.

ಈಗ ನಮ್ಮ ಅನುಮಾನ ಹುಡುಗನ ಮೇಲೆ ಹೋಯಿತು. ವ್ಯಾನಿನಲ್ಲಿ ಹಾಡಿನ ಪೆಟ್ಟಿಗೆ ಇದೆ. ಒಂದು ರಾತ್ರಿ ಅವನು ವ್ಯಾನಿನಲ್ಲಿ ಕೂತು ಹಾಡು ಕೇಳುತ್ತಿದ್ದುದನ್ನು ನಮ್ಮಲ್ಲೊಬ್ಬರು ನೋಡಿದ್ದರು.

"ಭಾನುವಾರ ಪೂರ್ತಿ ಹಾಡು ಹಾಕ್ಕೊಂಡು ಕೂತಿರ್ತಾನೆ. ಅದಕ್ಕೇ ಬ್ಯಾಟರಿ ಇಳೀತದೆ" ಎಂದರು ಒಬ್ಬರು.

"ಲೈಟು ಆರಿಸೋದು ಮರೀತಾನೆ" ಎಂದರು ಇನ್ನೊಬ್ಬರು.

"ಇಲ್ಲ ಅಕ್ಕಾ. ಒಂದೇ ದಿನ ಕೇಳಿದ್ದು. ಕೀಲಿ ತೆಗೆದು ಎಲ್ಲಾ ಆರಿಸೇ ಮನೆಗೆ ಹೋಗ್ತೀನಿ" ಎಂದು ಹುಡುಗ ಹೇಳಿದ. ನಾವು ಕೇಳಲಿಲ್ಲ. ಸಭೆ ಮಾಡಿದೆವು. ಪುಸ್ತಕದಲ್ಲಿ ಬರೆದೆವು: "ಬ್ಯಾಟರಿ ಬಾಬ್ತು ಡ್ರೈವರ್ ಸಂಬಳದಲ್ಲಿ ತಿಂಗಳಿಗೆ 500 ರೂಪಾಯಿ ಹಿಡಿಯುವುದು." ಎಲ್ಲರೂ ಸಹಿ ಹಾಕಿದೆವು. ನಮ್ಮಲ್ಲಿ ಕೆಲವರು ಮೊನ್ನೆ ಮೊನ್ನೆ ಸಹಿ ಮಾಡಲು ಕಲಿತವರು.

ಎರಡು ತಿಂಗಳು ಹಿಡಿದೆವು. ಒಟ್ಟು 1,000 ರೂಪಾಯಿ. ಹುಡುಗ ಮಾತು ಕಡಿಮೆ ಮಾಡಿದ. ಸೋಮವಾರದ ಟಕ್ ಟಕ್ ಮಾತ್ರ ನಿಲ್ಲಲಿಲ್ಲ.

ಬ್ಯಾಟರಿ ಎಂದರೆ ನೀರಿನ ತೊಟ್ಟಿ

ಕೊನೆಗೆ ಪೇಟೆಯಿಂದ ಒಬ್ಬ ಎಲೆಕ್ಟ್ರಿಕ್ ಮೇಸ್ತ್ರಿಯನ್ನು ಕರೆಸಿದೆವು. ವಯಸ್ಸಾದವರು. ಗಾಡಿಗಳ ವೈರಿಂಗ್ ಕೆಲಸದಲ್ಲೇ ತಲೆ ನರೆತವರು. ನಡೆದದ್ದನ್ನೆಲ್ಲ ಕೇಳಿಸಿಕೊಂಡು ಅವರು ಒಂದೇ ಮಾತು ಕೇಳಿದರು.

"ಸೋಮವಾರ ಮಾತ್ರ ಯಾಕೆ ಹೀಗಾಗುತ್ತೆ ಅಂತ ಯೋಚನೆ ಮಾಡಿದ್ರಾ ತಾಯಿ?"

ನಾವು ಯೋಚಿಸಿರಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರು ಹೇಳಿದ್ದನ್ನು ಇಲ್ಲಿ ನಿಮಗೂ ಹೇಳುತ್ತೇವೆ.

ಬ್ಯಾಟರಿ ಎಂದರೆ ಕರೆಂಟಿನ ತೊಟ್ಟಿ ಎಂದು ತಿಳಿಯಿರಿ. ಅದರಲ್ಲಿ ಸೀಸದ ಹಲಗೆಗಳಿವೆ, ನೀರು ಬೆರೆಸಿದ ಆಸಿಡ್ ಇದೆ. ಈ ಬಗೆಯ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ ಎಂಬುವರು ಮೊದಲು ಮಾಡಿದರು. ಇಂದಿಗೂ ಹೆಚ್ಚಿನ ವಾಹನಗಳಲ್ಲಿ ಎಂಜಿನ್ ಎಬ್ಬಿಸುವುದು ಇದೇ ಬಗೆಯ ಬ್ಯಾಟರಿ.

ಈ ತೊಟ್ಟಿಯ ವಿಷಯದಲ್ಲಿ ಮೂರು ಅಳತೆಗಳನ್ನು ತಿಳಿದಿರಬೇಕು.

ಒಂದು, ವೋಲ್ಟ್. ಇದು ನೀರಿನ ಒತ್ತಡದ ಹಾಗೆ. ಎತ್ತರದ ಟ್ಯಾಂಕಿನಿಂದ ನೀರು ಜೋರಾಗಿ ಬರುತ್ತದೆ ಅಲ್ಲವೇ? ಹಾಗೆಯೇ ವೋಲ್ಟ್ ಹೆಚ್ಚಿದ್ದರೆ ಒತ್ತಡ ಹೆಚ್ಚು. ನಮ್ಮ ವ್ಯಾನಿನದು 12 ವೋಲ್ಟಿನ ಬ್ಯಾಟರಿ. ಅದರೊಳಗೆ 6 ಮನೆಗಳಿವೆ. ಒಂದೊಂದು ಮನೆಯೂ 2 ವೋಲ್ಟಿಗಿಂತ ಸ್ವಲ್ಪ ಹೆಚ್ಚು ಕೊಡುತ್ತದೆ.

ಎರಡು, ಆಂಪಿಯರ್. ಇದು ನಲ್ಲಿಯಲ್ಲಿ ಹರಿಯುವ ನೀರಿನ ಹಾಗೆ. ಎಷ್ಟು ಆಂಪಿಯರ್ ಎಂದರೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಅರ್ಥ.

ಮೂರು, ಆಂಪಿಯರ್ ಗಂಟೆ. ಇದು ತೊಟ್ಟಿ ಎಷ್ಟು ದೊಡ್ಡದು ಎಂಬ ಲೆಕ್ಕ. ನಮ್ಮ ಬ್ಯಾಟರಿಯ ಮೇಲೆ 35 ಎಂದು ಬರೆದಿದೆ. ಗಂಟೆಗೆ ಒಂದು ಬಿಂದಿಗೆಯಂತೆ ನೀರು ಹೋದರೆ 35 ಬಿಂದಿಗೆಯ ತೊಟ್ಟಿ 35 ಗಂಟೆಯಲ್ಲಿ ಖಾಲಿ. ಗಂಟೆಗೆ ಅರ್ಧ ಬಿಂದಿಗೆ ಹೋದರೆ 70 ಗಂಟೆಯಲ್ಲಿ ಖಾಲಿ. ಬ್ಯಾಟರಿಯ ಲೆಕ್ಕವೂ ಹೆಚ್ಚು ಕಡಿಮೆ ಹೀಗೆಯೇ.

ಎಂಜಿನ್ ಓಡುವಾಗ ಆಲ್ಟರ್ನೇಟರ್ ತಿರುಗುತ್ತದೆ. ನಮ್ಮ ಕಡೆ ಅದನ್ನು ಡೈನಮೋ ಎಂದೇ ಕರೆಯುತ್ತಾರೆ. ಅದು ತೊಟ್ಟಿಯನ್ನು ತುಂಬಿಸುತ್ತದೆ. ಎಂಜಿನ್ ನಿಂತರೆ ತುಂಬುವುದೂ ನಿಂತಿತು. ಆಗ ಎಲ್ಲಾದರೂ ಸೋರುತ್ತಿದ್ದರೆ ತೊಟ್ಟಿ ಇಳಿಯುತ್ತಾ ಹೋಗುತ್ತದೆ.

"ನಿಮ್ಮ ಗಾಡಿ ದಿನಾ ಓಡುತ್ತೆ, ದಿನಾ ತುಂಬುತ್ತೆ. ರಾತ್ರಿ ಸೋರಿದ್ದು ಬೆಳಿಗ್ಗೆ ಗೊತ್ತಾಗೊಲ್ಲ. ಭಾನುವಾರ ನಿಂತೇ ಇರುತ್ತೆ. ಆವತ್ತು ತುಂಬೋರಿಲ್ಲ, ಸೋರೋದು ಮಾತ್ರ ಉಂಟು. ಎಲ್ಲೋ ಕಳ್ಳ ಕರೆಂಟು ಹೋಗ್ತಾ ಇದೆ. ಯಾರ ಮೇಲೂ ಹೇಳಬೇಡಿ. ಮೊದಲು ಅಳೆದು ನೋಡೋಣ" ಎಂದರು ಮೇಸ್ತ್ರಿ.

ಮೊದಲು ಬ್ಯಾಟರಿಯ ಪರೀಕ್ಷೆ

ಕಳ್ಳನನ್ನು ಹುಡುಕುವ ಮೊದಲು ತೊಟ್ಟಿಯೇ ಒಡೆದಿದೆಯೇ ನೋಡಬೇಕು. ಮೇಸ್ತ್ರಿಯವರ ಹತ್ತಿರ ಒಂದು ಸಣ್ಣ ಮೀಟರ್ ಇತ್ತು. ಅದಕ್ಕೆ ಎರಡು ವೈರು. ಒಂದು ಕೆಂಪು, ಒಂದು ಕಪ್ಪು. ಕೆಂಪನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಮುಟ್ಟಿಸಿದರು. ಗಾಡಿ ಕೆಲವು ಗಂಟೆ ನಿಂತಿದ್ದಾಗ ಹೀಗೆ ನೋಡಬೇಕು. ಆಗ ಬರುವ ಅಂಕಿಯ ಅರ್ಥ ಇದು:

12.6 ವೋಲ್ಟ್ ಬಂದರೆ ಬ್ಯಾಟರಿ ತುಂಬಿದೆ.
12.4 ಬಂದರೆ ಮುಕ್ಕಾಲು ತುಂಬಿದೆ.
12.2 ಬಂದರೆ ಅರ್ಧ ಇದೆ.
12.0 ಬಂದರೆ ಕಾಲು ಭಾಗ ಇದೆ.
11.8ಕ್ಕಿಂತ ಕಡಿಮೆಯಾದರೆ ಖಾಲಿ ಎಂದೇ ಲೆಕ್ಕ.

ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಮತ್ತೆ ಮುಟ್ಟಿಸಿದರು. 14.1 ಎಂದು ತೋರಿಸಿತು. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಬಂದರೆ ಡೈನಮೋ ಸರಿಯಾಗಿ ತುಂಬಿಸುತ್ತಿದೆ ಎಂದು ಅರ್ಥ. 12ರ ಹತ್ತಿರವೇ ನಿಂತರೆ ಡೈನಮೋ ಅಥವಾ ಅದರ ಬೆಲ್ಟು ಕೆಟ್ಟಿದೆ. ನಮ್ಮದು ಸರಿಯಾಗಿತ್ತು.

ಬ್ಯಾಟರಿಯ ತಲೆಯ ಮೇಲೆ ಬೂದಿ ಬಣ್ಣದ ಪುಡಿ ಕಟ್ಟಿತ್ತು. ಕೆಲವು ಬ್ಯಾಟರಿಗಳಲ್ಲಿ ಇದು ಹಸಿರು ಬಣ್ಣದ್ದಾಗಿರುತ್ತದೆ. ಈ ಪುಡಿ ಇದ್ದರೆ ಕರೆಂಟು ಸರಿಯಾಗಿ ದಾಟುವುದಿಲ್ಲ. ಮೇಸ್ತ್ರಿ ವೈರುಗಳನ್ನು ಬಿಚ್ಚಿದರು. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಹಳೆಯ ಬ್ರಷ್ಷಿನಿಂದ ಉಜ್ಜಿದರು. ಒರೆಸಿ ಒಣಗಿಸಿದರು. ಮತ್ತೆ ಬಿಗಿಯಾಗಿ ಕೂರಿಸಿದರು.

ಸೋರಿಕೆಯನ್ನು ಅಳೆದದ್ದು

ಈಗ ಮುಖ್ಯ ಕೆಲಸ. ಮೇಸ್ತ್ರಿ ಕೀಲಿ ತೆಗೆದರು. ಎಲ್ಲ ದೀಪ ಆರಿಸಿದರು. ಹಿಂದಿನ ಬಾಗಿಲು ಮುಚ್ಚಿದರು. ನಮ್ಮ ವ್ಯಾನಿನಲ್ಲಿ ಬ್ಯಾಟರಿ ಇರುವುದು ಸೀಟಿನ ಕೆಳಗೆ. ಆದ್ದರಿಂದ ಮುಂದಿನ ಬಾಗಿಲು ತೆಗೆದೇ ಇರಬೇಕು. ಬಾಗಿಲು ತೆಗೆದರೆ ಮುಂದಿನ ದೀಪ ಹತ್ತುತ್ತದೆ. ಅದು ಹತ್ತಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಬಾಗಿಲ ಚೌಕಟ್ಟಿನಲ್ಲಿರುವ ಗುಂಡಿಯನ್ನು ಒತ್ತಿ ಟೇಪು ಅಂಟಿಸಿದರು. ದೀಪ ಆರಿತು.

ಹತ್ತು ನಿಮಿಷ ಕಾದೆವು. ಆಮೇಲೆ 10 ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ಮೈನಸ್ ವೈರನ್ನು ಬಿಚ್ಚಿದರು. ಯಾವಾಗಲೂ ಮೈನಸ್ಸನ್ನೇ ಮೊದಲು ಬಿಚ್ಚಬೇಕು. ಯಾಕೆ? ಗಾಡಿಯ ಮೈಯೆಲ್ಲ ಮೈನಸ್ಸಿಗೆ ಸೇರಿರುತ್ತದೆ. ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ತಗಡಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಕೈ ಸುಡಬಹುದು.

ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಎಂದು ಬರೆದ ತೂತಿಗೆ ಸಿಕ್ಕಿಸಿದರು. ಮೀಟರಿನ ಗುಂಡಿಯನ್ನೂ ಅಲ್ಲಿಗೇ ತಿರುಗಿಸಿದರು. ಒಂದು ತುದಿಯನ್ನು ಬಿಚ್ಚಿದ ಮೈನಸ್ ವೈರಿಗೆ ಹಿಡಿದರು. ಇನ್ನೊಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಹಿಡಿದರು. ಈಗ ಬ್ಯಾಟರಿಯಿಂದ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ನೀರಿನ ಪೈಪಿನ ನಡುವೆ ಮೀಟರ್ ಕೂರಿಸಿದ ಹಾಗೆ.

ಮೀಟರ್ 0.85 ಎಂದು ತೋರಿಸಿತು.

"ಸೊನ್ನೆ ಪಾಯಿಂಟ್ ಎಂಟು ಐದು" ಎಂದು ನಮ್ಮ ಖಜಾಂಚಿ ಅಕ್ಕ ಜೋರಾಗಿ ಓದಿ ಪುಸ್ತಕದಲ್ಲಿ ಬರೆದುಕೊಂಡರು.

"ಇದು ಜಾಸ್ತಿ. ಗಾಡಿ ನಿಂತಾಗ ಗಡಿಯಾರಕ್ಕೆ, ಹಾಡಿನ ಪೆಟ್ಟಿಗೆಯ ನೆನಪಿಗೆ ಒಂದು ಚೂರು ಕರೆಂಟು ಬೇಕೇ ಬೇಕು. ಅದು 0.05 ಆಂಪಿಯರ್ ಒಳಗೆ ಇರಬೇಕು. ಇಲ್ಲಿ ಅದರ 17 ಪಟ್ಟು ಹೋಗ್ತಾ ಇದೆ" ಎಂದರು ಮೇಸ್ತ್ರಿ.

ಕೂಡಿಸಿ ನೋಡಿದೆವು. ಶನಿವಾರ ಸಂಜೆ 6ರಿಂದ ಸೋಮವಾರ ಬೆಳಿಗ್ಗೆ 5ರವರೆಗೆ 35 ಗಂಟೆ. ಗಂಟೆಗೆ 0.8 ಎಂದೇ ಹಿಡಿಯಿರಿ. 35ನ್ನು 0.8ರಿಂದ ಗುಣಿಸಿದರೆ 28. ತೊಟ್ಟಿಯಲ್ಲಿ ಇದ್ದದ್ದೇ 35. ಉಳಿದದ್ದು 7. ಅಷ್ಟರಲ್ಲಿ ಎಂಜಿನ್ ಹೇಗೆ ಎದ್ದೀತು? ಎಂಜಿನ್ ಎಬ್ಬಿಸುವ ಆ ಎರಡು ಕ್ಷಣಕ್ಕೆ ನೂರು ಆಂಪಿಯರಿಗೂ ಮೀರಿ ಬೇಕಾಗುತ್ತದಂತೆ.

ಸೋಮವಾರದ ಗುಟ್ಟು ಬಯಲಾಯಿತು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವೆ. ಹನಿ ಹನಿ ಸೋರಿದರೆ ಹಳ್ಳವೂ ಬತ್ತುತ್ತದೆ.

ಒಂದೊಂದೇ ಫ್ಯೂಸ್

ಸೋರುತ್ತಿರುವುದು ನಿಜ. ಆದರೆ ಎಲ್ಲಿ? ವ್ಯಾನಿನ ತುಂಬ ವೈರುಗಳು. ಎಲ್ಲವನ್ನೂ ಬಿಚ್ಚಿ ನೋಡಲಾಗುತ್ತದೆಯೇ? ಬೇಕಾಗಿಲ್ಲ. ಅದಕ್ಕೆ ಸುಲಭದ ದಾರಿ ಇದೆ.

ಸ್ಟೀರಿಂಗಿನ ಹತ್ತಿರ ಫ್ಯೂಸ್ ಪೆಟ್ಟಿಗೆ ಇರುತ್ತದೆ. ಹಾರನ್ನಿಗೆ ಒಂದು ಫ್ಯೂಸ್, ವೈಪರಿಗೆ ಒಂದು, ಬ್ರೇಕ್ ದೀಪಕ್ಕೆ ಒಂದು, ಹೀಗೆ. ಊರಿನ ನೀರಿನ ಪೈಪಿಗೆ ಬೀದಿಗೊಂದು ವಾಲ್ವ್ ಇದ್ದ ಹಾಗೆ. ಒಂದು ಬೀದಿಯ ವಾಲ್ವ್ ಮುಚ್ಚಿದಾಗ ಸೋರುವುದು ನಿಂತರೆ ಒಡೆದ ಪೈಪು ಆ ಬೀದಿಯಲ್ಲೇ ಇದೆ.

ಮೇಸ್ತ್ರಿ ಒಂದೊಂದೇ ಫ್ಯೂಸ್ ಕಿತ್ತರು. ಹುಡುಗ ಮೀಟರ್ ನೋಡಿ ಅಂಕಿ ಹೇಳಿದ. ಖಜಾಂಚಿ ಅಕ್ಕ ಬರೆದರು. ನೋಡಿ ಆದ ಮೇಲೆ ಕಿತ್ತ ಫ್ಯೂಸನ್ನು ಅದರ ಜಾಗಕ್ಕೇ ಹಾಕಿದರು. ಪುಸ್ತಕದಲ್ಲಿ ಹೀಗೆ ಬರೆದಿದೆ:

ಏನೂ ಕೀಳದಾಗ: 0.85
ಹಾರನ್ ಫ್ಯೂಸ್ ಕಿತ್ತಾಗ: 0.85
ವೈಪರ್ ಫ್ಯೂಸ್ ಕಿತ್ತಾಗ: 0.85
ಬ್ರೇಕ್ ದೀಪದ ಫ್ಯೂಸ್ ಕಿತ್ತಾಗ: 0.85

ಮುಂದಿನದು ಹಾಡಿನ ಪೆಟ್ಟಿಗೆಯ ಫ್ಯೂಸ್. ಎಲ್ಲರೂ ಹತ್ತಿರ ಬಂದೆವು. ಯಾರೂ ಮಾತಾಡಲಿಲ್ಲ. ಹುಡುಗ ಮೀಟರಿನಿಂದ ಕಣ್ಣು ತೆಗೆಯಲಿಲ್ಲ. ಮೇಸ್ತ್ರಿ ಫ್ಯೂಸ್ ಕಿತ್ತರು.

"0.83" ಎಂದ ಹುಡುಗ.

ಇಳಿದದ್ದು 0.02 ಮಾತ್ರ. ಹಾಡಿನ ಪೆಟ್ಟಿಗೆ ಕಳ್ಳನಲ್ಲ.

ಅದರ ಮುಂದಿನ ಫ್ಯೂಸ್ ಒಳಗಿನ ದೀಪಗಳದು. ಅದನ್ನು ಕಿತ್ತ ಕೂಡಲೇ ಹುಡುಗ ಕೂಗಿದ.

"0.03! ಇಳೀತು ಮೇಸ್ತ್ರಿ, ಇಳೀತು!"

ಕತ್ತಲಲ್ಲಿ ಉರಿದ ದೀಪ

ನಮಗೆ ಅರ್ಥವಾಗಲಿಲ್ಲ. ಒಳಗಿನ ದೀಪ ಉರಿದಿದ್ದರೆ ಕಾಣಬೇಕಿತ್ತಲ್ಲ? ಮುಂದಿನ ದೀಪ ನಮ್ಮ ಕಣ್ಣೆದುರೇ ಆರಿದೆ.

"ಹಿಂದೆ ಸಾಮಾನು ಇಡೋ ಕಡೆ ದೀಪ ಇಲ್ವಾ?" ಎಂದು ಮೇಸ್ತ್ರಿ ಕೇಳಿದರು.

ಇತ್ತು. ಆದರೆ ಸೀಟಿನ ಹಿಂದೆ ನಾವು ಪ್ಲೈವುಡ್ ಅಡ್ಡ ಹಾಕಿಸಿದ್ದೆವು. ಹಿಂದಿನ ಗಾಜಿನ ಮೇಲೆ ಸಂಘದ ಹೆಸರನ್ನು ದೊಡ್ಡದಾಗಿ ಬಣ್ಣದಲ್ಲಿ ಬರೆಸಿದ್ದೆವು. ಬಾಗಿಲು ಮುಚ್ಚಿದರೆ ಒಳಗೆ ಏನಾಗುತ್ತದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ. ಬಾಗಿಲು ತೆಗೆದರೆ ದೀಪ ಉರಿಯುತ್ತದೆ. ಅದು ಉರಿಯಬೇಕಾದ್ದೇ. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಮೇಸ್ತ್ರಿ ಫ್ಯೂಸನ್ನು ಮತ್ತೆ ಹಾಕಿದರು. "ಯಾರಾದರೂ ಒಬ್ಬರು ಒಳಗೆ ಕೂತ್ಕೊಳ್ಳಿ. ನಾನು ಬಾಗಿಲು ಹಾಕ್ತೀನಿ" ಎಂದರು.

ನಮ್ಮ ಸಂಘದಲ್ಲಿ ಎಲ್ಲರಿಗಿಂತ ಹಿರಿಯರಾದ ಅಜ್ಜಿ ಒಳಗೆ ಹತ್ತಿ ಕುಳಿತರು. ಬಾಗಿಲು ಮುಚ್ಚಿತು. ಒಂದು ಕ್ಷಣ ಬಿಟ್ಟು ಒಳಗಿನಿಂದ ದನಿ ಬಂತು.

"ಅಯ್ಯೋ, ದೀಪ ಉರೀತಾನೇ ಐತೆ ಕಣ್ರೇ! ಮುಟ್ಟಿದ್ರೆ ಸುಡ್ತದೆ!"

ಅದು 10 ವಾಟ್ ಬಲ್ಬು. 10ನ್ನು 12ರಿಂದ ಭಾಗಿಸಿದರೆ ಸುಮಾರು 0.83 ಆಂಪಿಯರ್. ಮೀಟರಿನಲ್ಲಿ ಇಳಿದದ್ದು 0.82. ಲೆಕ್ಕ ಸರಿಹೋಯಿತು.

ದೀಪ ಯಾಕೆ ಆರುತ್ತಿರಲಿಲ್ಲ? ಬಾಗಿಲ ಚೌಕಟ್ಟಿನಲ್ಲಿ ಒಂದು ಸಣ್ಣ ಗುಂಡಿ ಇದೆ. ಬಾಗಿಲು ತೆಗೆದಾಗ ಗುಂಡಿ ಹೊರಗೆ ಬರುತ್ತದೆ, ದೀಪ ಹತ್ತುತ್ತದೆ. ಬಾಗಿಲು ಮುಚ್ಚಿದಾಗ ಗುಂಡಿಯನ್ನು ಒತ್ತುತ್ತದೆ, ದೀಪ ಆರುತ್ತದೆ. ನಮ್ಮ ವ್ಯಾನಿನ ಹಿಂದಿನ ಬಾಗಿಲು ಬಗ್ಗಿತ್ತು. ಒಂದು ನೂಲಿನಷ್ಟು ಹೊರಗೇ ನಿಲ್ಲುತ್ತಿತ್ತು. ಗುಂಡಿಯ ಸಂದಿಯಲ್ಲಿ ಮಣ್ಣೂ ತುಂಬಿತ್ತು. ಬಾಗಿಲು ಮುಚ್ಚಿದರೂ ಗುಂಡಿ ಪೂರ್ತಿ ಒಳಗೆ ಹೋಗುತ್ತಿರಲಿಲ್ಲ.

ಬಾಗಿಲು ಬಗ್ಗಿದ್ದು ಹೇಗೆ? ಎರಡು ಕ್ರೇಟು ಹೆಚ್ಚಿಗೆ ಹಿಡಿಸಲಿ ಎಂದು ತುಂಬಿ, ಭುಜ ಕೊಟ್ಟು ಬಾಗಿಲನ್ನು ದಬ್ಬಿ ಮುಚ್ಚುತ್ತಿದ್ದವರು ನಾವೇ. "ಬೇಡ ಅಕ್ಕಾ, ಬಾಗಿಲು ಹಾಳಾಗುತ್ತೆ" ಎಂದು ಹುಡುಗ ಹೇಳಿದ್ದ. ಅದನ್ನೂ ನಾವು ಕೇಳಿರಲಿಲ್ಲ.

ಮೇಸ್ತ್ರಿ ಹೊಸ ಗುಂಡಿ ಹಾಕಿದರು. ಬಾಗಿಲಿನ ಕೊಂಡಿಯನ್ನು ಸರಿಮಾಡಿದರು. ಮತ್ತೆ ಅಳೆದರು. 0.03 ಬಂತು. ಸಾಮಾನು, ಕೂಲಿ ಸೇರಿ 450 ರೂಪಾಯಿ ಆಯಿತು. ಹೊಸ ಬ್ಯಾಟರಿಗೆ ಕೊಟ್ಟದ್ದು 4,000 ರೂಪಾಯಿ.

ಹಳೆಯ ಬ್ಯಾಟರಿ ತನ್ನಷ್ಟಕ್ಕೆ ಕೆಟ್ಟಿತ್ತೇ ಎಂದು ಕೇಳಿದೆವು. "ಪದೇ ಪದೇ ಖಾಲಿಯಾದರೆ ಬ್ಯಾಟರಿಯ ಸೀಸದ ಹಲಗೆ ಮೇಲೆ ಉಪ್ಪಿನ ಹಾಗೆ ಗಟ್ಟಿ ಕಟ್ಟುತ್ತೆ. ಆಮೇಲೆ ತುಂಬಿಸಿದರೂ ಪೂರ್ತಿ ತುಂಬೋದಿಲ್ಲ. ಮೊದಲೇ ಅಳೆದಿದ್ದರೆ ಅದು ಇನ್ನಷ್ಟು ದಿನ ಬಾಳ್ತಿತ್ತೋ ಏನೋ" ಎಂದರು ಮೇಸ್ತ್ರಿ.

ಯಾವ ಫ್ಯೂಸ್ ಕಿತ್ತರೂ ಇಳಿಯದಿದ್ದರೆ?

ಇದನ್ನೂ ನಾವು ಕೇಳಿದೆವು. ಕೆಲವು ವೈರುಗಳು ಈ ಪೆಟ್ಟಿಗೆಗೆ ಬರದೆ ಬ್ಯಾಟರಿಗೇ ಹೋಗುತ್ತವೆ. ಡೈನಮೋ ವೈರು ಅಂಥದ್ದು. ಡೈನಮೋದೊಳಗೆ ಡಯೋಡ್ ಎಂಬ ಸಣ್ಣ ಭಾಗಗಳಿವೆ. ಬಾವಿಯ ಪಂಪಿಗೆ ಫುಟ್‌ವಾಲ್ವ್ ಇರುತ್ತದಲ್ಲ, ಅದು ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಡಯೋಡ್ ಕರೆಂಟಿನ ಫುಟ್‌ವಾಲ್ವ್. ಡೈನಮೋದಿಂದ ಬ್ಯಾಟರಿಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಡಯೋಡ್ ಕೆಟ್ಟರೆ ಗಾಡಿ ನಿಂತಾಗ ಕರೆಂಟು ಹಿಂದಕ್ಕೆ ಸೋರುತ್ತದೆ. ಅದನ್ನು ಮೇಸ್ತ್ರಿಯೇ ಬಿಚ್ಚಿ ನೋಡಬೇಕು.

ಆಮೇಲೆ ಹಾಕಿಸಿದ ಸಾಮಾನುಗಳ ಮೇಲೂ ಕಣ್ಣಿಡಬೇಕು. ಬಣ್ಣದ ದೀಪ, ಮೊಬೈಲ್ ಚಾರ್ಜರ್, ಜಿಪಿಎಸ್ ಪೆಟ್ಟಿಗೆ, ಕಳ್ಳರ ಅಲಾರಂ ಇಂಥವನ್ನು ಕೆಲವರು ನೇರ ಬ್ಯಾಟರಿಗೆ ಕಟ್ಟಿಬಿಡುತ್ತಾರೆ. ಕೀಲಿ ತೆಗೆದರೂ ಅವು ಕರೆಂಟು ಕುಡಿಯುತ್ತಲೇ ಇರುತ್ತವೆ.

ಹೊಸ ಕಾಲದ ಗಾಡಿಗಳಲ್ಲಿ ಕಂಪ್ಯೂಟರ್ ಇರುತ್ತದೆ. ಕೀಲಿ ತೆಗೆದ ಮೇಲೂ ಅದು ನಿದ್ದೆ ಹೋಗಲು ಹೊತ್ತು ಬೇಕು. ಅರ್ಧ ಗಂಟೆ, ಕೆಲವದಕ್ಕೆ ಒಂದು ಗಂಟೆ. ಅಷ್ಟು ಹೊತ್ತು ಕಾದೇ ಅಳೆಯಬೇಕು. ಅಂಥ ಗಾಡಿಯಲ್ಲಿ ಸುಮ್ಮನೆ ಫ್ಯೂಸ್ ಕೀಳಬಾರದು. ಕೆಲಸ ತಿಳಿದವರಿಗೆ ತೋರಿಸಬೇಕು.

ಮೀಟರ್ ಇಲ್ಲದವರು ಏನು ಮಾಡಬೇಕು? 12 ವೋಲ್ಟಿನ 5 ವಾಟ್ ಬಲ್ಬಿಗೆ ಎರಡು ವೈರು ಕಟ್ಟಿ, ಮೀಟರ್ ಹಿಡಿದ ಜಾಗದಲ್ಲೇ ಹಿಡಿಯಬೇಕು. ಬಲ್ಬು ಉರಿದರೆ ಸೋರಿಕೆ ದೊಡ್ಡದೇ ಇದೆ. ಫ್ಯೂಸ್ ಕಿತ್ತಾಗ ಬಲ್ಬು ಆರಿದರೆ ಕಳ್ಳ ಆ ಬೀದಿಯಲ್ಲಿದ್ದಾನೆ.

ಎಚ್ಚರಿಕೆ

ಬ್ಯಾಟರಿ ಬಿಚ್ಚುವಾಗ ಬಳೆ, ಉಂಗುರ, ಸರ ತೆಗೆದಿಡಿ. ಲೋಹ ತಗುಲಿದರೆ ಸುಡುತ್ತದೆ.
ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಬ್ಯಾಟರಿಯಿಂದ ಬರುವ ಗಾಳಿ ಹೊತ್ತಿಕೊಳ್ಳುತ್ತದೆ.
ಆಸಿಡ್ ಕೈಗೆ, ಕಣ್ಣಿಗೆ ತಾಗಿದರೆ ತುಂಬ ನೀರಿನಿಂದ ತೊಳೆಯಿರಿ. ಕಣ್ಣಿಗಾದರೆ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.
ಮೈನಸ್ಸನ್ನು ಮೊದಲು ಬಿಚ್ಚಿ. ಹಾಕುವಾಗ ಕೊನೆಯಲ್ಲಿ ಹಾಕಿ.
ಸೋರಿಕೆ ಅಳೆಯುವಾಗ ಎಂಜಿನ್ ಸ್ಟಾರ್ಟ್ ಮಾಡಬೇಡಿ, ದೊಡ್ಡ ದೀಪ ಹಾಕಬೇಡಿ. ಮೀಟರ್ ಸುಟ್ಟುಹೋಗುತ್ತದೆ.
ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆಯಬೇಡಿ. ಸೀಸ ವಿಷ. ಮಕ್ಕಳಿಗೆ ಇನ್ನೂ ಕೆಟ್ಟದ್ದು. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡಿ.

ನಾವು ತಿದ್ದಿಕೊಂಡದ್ದು

ಮುಂದಿನ ಸೋಮವಾರ ಬೆಳಗಿನ ಜಾವ ಹುಡುಗ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಯಾರೂ ಸೆರಗು ಸಿಕ್ಕಿಸಬೇಕಾಗಲಿಲ್ಲ.

ಆ ಸಂಜೆ ಸಭೆ ಸೇರಿದೆವು. ಹುಡುಗನನ್ನೂ ಅವನ ತಾಯಿಯನ್ನೂ ಕರೆದೆವು. ಖಜಾಂಚಿ ಅಕ್ಕ ಪುಸ್ತಕ ತೆಗೆದು, ಹಿಂದೆ ಬರೆದ ಸಾಲನ್ನು ಎಲ್ಲರ ಎದುರಿಗೆ ಓದಿದರು. ಅದರ ಕೆಳಗೆ ಹೊಸ ಸಾಲು ಬರೆದರು: "ಡ್ರೈವರದ್ದು ತಪ್ಪಿಲ್ಲ. ಹಿಡಿದ 1,000 ರೂಪಾಯಿ ವಾಪಸು ಕೊಡುವುದು. ತಪ್ಪು ನಮ್ಮದು." ನಾವು 14 ಮಂದಿಯೂ ಸಹಿ ಹಾಕಿದೆವು.

ಹುಡುಗ ಹಣ ಎಣಿಸಲಿಲ್ಲ. ತಾಯಿಯ ಕೈಗೆ ಕೊಟ್ಟ. "ಇನ್ಮೇಲೆ ಕ್ರೇಟು ಎರಡು ಕಡಿಮೆ ಹಾಕೋಣ ಅಕ್ಕಾ" ಎಂದ. ಹಾಗೇ ಮಾಡುತ್ತಿದ್ದೇವೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ನಾವು ಕಂಡೂ ಇರಲಿಲ್ಲ, ಪ್ರಮಾಣಿಸಿಯೂ ಇರಲಿಲ್ಲ. ಸಹಿ ಮಾತ್ರ ಹಾಕಿದ್ದೆವು. ಈಗ ಸಂಘಕ್ಕೆ ಒಂದು ಮೀಟರ್ ಕೊಂಡಿದ್ದೇವೆ. ತಿಂಗಳಿಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆಯುತ್ತೇವೆ. ಓದುವುದು ನಮ್ಮ ಸರದಿ, ಬರೆಯುವುದು ಹುಡುಗನ ಸರದಿ.

ನೀವೇ ಲೆಕ್ಕ ಮಾಡಿ

1. ಒಂದು ಬ್ಯಾಟರಿ 60 ಆಂಪಿಯರ್ ಗಂಟೆಯದು. ಅದರಿಂದ 0.5 ಆಂಪಿಯರ್ ಸೋರುತ್ತಿದೆ. ಎಷ್ಟು ಗಂಟೆಯಲ್ಲಿ ಖಾಲಿಯಾಗುತ್ತದೆ? ಅದು ಎಷ್ಟು ದಿನ?
2. ರಾತ್ರಿಯಿಡೀ ನಿಂತಿದ್ದ ಗಾಡಿಯ ಬ್ಯಾಟರಿ 12.2 ವೋಲ್ಟ್ ತೋರಿಸುತ್ತದೆ. ಬ್ಯಾಟರಿಯಲ್ಲಿ ಎಷ್ಟು ಭಾಗ ಉಳಿದಿದೆ?
3. ನಿಮ್ಮ ಮನೆಯಲ್ಲಿ, ಹೊಲದಲ್ಲಿ ಕಾಣದಂತೆ ಸೋರುತ್ತಿರುವುದು ಏನಾದರೂ ಇದೆಯೇ? ಅದನ್ನು ಹೇಗೆ ಅಳೆಯುತ್ತೀರಿ? ನಾಲ್ಕು ಸಾಲು ಬರೆಯಿರಿ.